ಕಲಿಸಾಕಿಗೂ ತನ್ನದೊಂದು ಅರ್ಧ ತಾಸು ಬೇಕು

ಜೂನ್ 21 ಬಂತಂದ್ರ ರೋಣ, ನರಗುಂದ, ಗಜೇಂದ್ರಗಡ ಎಲ್ಲಾ ಕಡೆ ಯೋಗದ ಚಾಪಿ ಹಾಸತಾರ. ಕಲಿಸಾವರೂ ಈಗ ಭಾಳ ಮಂದಿ ಆಗ್ಯಾರ, ಅದರಾಗ ನಮ್ಮ ಓಣಿ ಹೆಣ್ಣಮಕ್ಕಳೂ ಅದಾರ. ಚೊಲೋ ಆತು. ಆದ್ರ ಕ್ಲಾಸಿಗೆ ಹೆಸರು ಹಚ್ಚೂ ಮೊದಲ ಒಂದು ಮಾತು ಕೇಳ್ರಿ ಅಂತೇನಿ: "ನೀವು ನಿಮಗಾಗಿ ದಿನಾ ಏನು ಮಾಡತೀರಿ?" ಸರ್ಟಿಫಿಕೇಟು ಗ್ವಾಡಿ ಮ್ಯಾಲೆ ಇದ್ದರ ನಡೀತೈತಿ, ಸಾಧನಾ ಮೈಯಾಗ ಇರಬೇಕು.

ಅದು ಹೆಂಗ ಮೈಗೂಡತೈತಿ ಅನ್ನೂದಕ್ಕ ಬಿ.ಕೆ.ಎಸ್. ಅಯ್ಯಂಗಾರರನ್ನ ನೋಡ್ರಿ. 1918ರಾಗ ಕೋಲಾರ ಜಿಲ್ಲೆಯ ಬೆಳ್ಳೂರಿನ್ಯಾಗ ಹುಟ್ಟಿದವರು. ಸಣ್ಣಾಂವಿದ್ದಾಗ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲಾ ಬಂದು ಮೈ ಕಡ್ಡಿ ಆಗಿತ್ತು. ಮೈಸೂರಿನ್ಯಾಗ ಅಕ್ಕನ ಗಂಡ ಟಿ. ಕೃಷ್ಣಮಾಚಾರ್ಯರ ಕಡೆ ಯೋಗ ಕಲಿತರು. 1936ರಾಗ ಗುರುಗಳ ಕೂಡ ನಮ್ಮ ಧಾರವಾಡಕ್ಕ ಬಂದಾಗ, ಹೆಣ್ಣಮಕ್ಕಳು ನಮಗೂ ಕಲಿಸ್ರಿ ಅಂದ್ರಂತ. ಎಲ್ಲಾರಕಿಂತ ಸಣ್ಣಾಂವ ಅಂತ ಇವರನ್ನ ಕಳಿಸಿದರು. ನೋಡ್ರಿ, ಅವರು ಮೊದಲ ಕಲಿಸಿದ್ದು ನಮ್ಮ ಭಾಗದ ಹೆಂಗಸರಿಗೆ!

ಮುಂದಿನ ವರ್ಷ ಪುಣೆಗೆ ಹೋದರು. ಅಲ್ಲಿ ಕಲಿಯಾಕ ಬರಾವರು ಇವರಿಗಿಂತ ಗಟ್ಟಿ ಮೈಯವರು. ಗುರು ದೂರ, ಕಲಿತದ್ದು ಸ್ವಲ್ಪ. ಆಗ ದಿನಾ ತಾಸುಗಟ್ಟಲೆ ಒಬ್ಬರ ಮಾಡಿ ನೋಡಿದರು. ಕಾಲು ಹಿಂಗಿಟ್ಟರ ಎಲ್ಲಿ ಜಗ್ಗತೈತಿ, ಹಂಗಿಟ್ಟರ ಎಲ್ಲಿ ಸಡಲ ಆಗತೈತಿ ಅಂತ. ಮುಂದ ಇಟ್ಟಂಗಿ, ಹಗ್ಗ, ಕುರ್ಚಿ, ದಿಂಬಿನ ಆಸರದಿಂದ ಆಸನ ಮಾಡಸೂ ಪದ್ಧತಿ ಬಂದದ್ದು ಇಂಥಾ ಹುಡುಕಾಟದಿಂದನ. 1943ರಾಗ ಲಗ್ನಾದ ಮ್ಯಾಲೆ ಹೆಂಡತಿ ರಮಾಮಣಿ ತಾವೂ ಯೋಗ ಕಲಿತು, ಗಂಡನ ಆಸನ ತಿದ್ದೂ ಹಂಗಾದರು. ಮಗಳು ಗೀತಾ ಸಣ್ಣಾಕಿದ್ದಾಗ ಮೂತ್ರಪಿಂಡದ ಬ್ಯಾನಿ ಉಂಡಾಕಿ. ಮುಟ್ಟು, ಬಸಿರು, ಮುಟ್ಟು ನಿಲ್ಲೂ ವಯಸ್ಸು, ಇವಕ್ಕ ತಕ್ಕಂಗ ಆಸನ ಹೆಂಗ ಬದಲಿಸಬೇಕು ಅಂತ ಮುಂದ ಹೆಂಗಸರ ಸಲುವಾಗಿ ಪುಸ್ತಕಾನ ಬರೆದರು.

ಅದಕ್ಕ ನಾ ಹೇಳೂದು, ಕಲಿಸಾಕಿ ಮೈ ಬಿಲ್ಲಿನಂಗ ಬಾಗಬೇಕಂತಿಲ್ಲ. ತನ್ನ ಮೊಳಕಾಲು ನೋವಾದಾಗ ಏನು ಬದಲಿ ಮಾಡಿಕೊಂಡೆ ಅನ್ನೂದು ಗೊತ್ತಿರಬೇಕು. ಮೆಣಸಿನಕಾಯಿ ಬಿಡಿಸಿ, ಕುಂತು ರೊಟ್ಟಿ ಬಡದು ಸೊಂಟ ಹಿಡಿದಾಕಿಗೆ, ಟಿವಿಯಾಗಿನ ಹುಡಿಗಿ ಹಂಗ ಬಾಗು ಅಂದ್ರ ಇದ್ದ ಸೊಂಟಾನೂ ಹೋಗತೈತಿ. ತಾ ಮಾಡಿ ನೋಡಿದಾಕಿ ಗ್ವಾಡಿ ಹಿಡಿ, ಕುರ್ಚಿ ತಗೋ, ಇಲ್ಲಾ ಮೊದಲ ಡಾಕ್ಟರಿಗೆ ತೋರಿಸು ಅಂತಾಳ.

"ಕ್ಲಾಸಿನ್ಯಾಗ ಮಾಡತಾಳಲ್ಲ, ಮನ್ಯಾಗ ಮತ್ತ ಬ್ಯಾರೆ ಯಾಕ?" ಅಂತ ಮನಿಯವರು ಕೇಳತಾರ. ಕಲಿಸೂವಾಗ ಕಣ್ಣು 20 ಮಂದಿ ಮ್ಯಾಲಿರತಾವ, ಬಾಯಿ ಎಣಸತಿರತೈತಿ. ತನ್ನ ಉಸರು ಎಲ್ಲಿ ಕಟ್ಟತೈತಿ ಅನ್ನೂದು ತಿಳಿಯೂದಿಲ್ಲ. ಮಂದಿಗೆಲ್ಲಾ ನೀಡಿದಾಕಿ ಹೊಟ್ಟಿ ನೀಡಿದ್ದಕ್ಕನ ತುಂಬತೈತೇನು?

ರಮಾಮಣಿ ಗಂಡಗ ಆಸರ ಆದಂಗ, ಯೋಗ ಕಲಿಸೂ ಸೊಸಿಗೆ ಮನಿಯವರು ಆಸರ ಆಗಬೇಕು. ಯಾರೂ ಕರೀದ ಅರ್ಧ ತಾಸು ದಿನಾ ಅಕಿಗೆ ಬಿಡ್ರಿ. ಅಷ್ಟೊತ್ತು ಚಾ ಅತ್ತಿ ಕುದಸಲಿ, ಇಲ್ಲಾ ಗಂಡ ಕುದಸಲಿ. ನಮ್ಮೆಲ್ಲಾರ ಮೊಳಕಾಲು ಅಕಿ ಕೈಯಾಗ ಅದಾವ.