ಬೀಜದ ಜೋಳವೂ ಗಣಕಯಂತ್ರದ ಕಡತವೂ

ರಾಯಚೂರು ಸೀಮೆಯ ಎರೆಹೊಲದ ರೈತ ಉಣ್ಣುವ ಜೋಳವನ್ನೂ ಬಿತ್ತುವ ಜೋಳವನ್ನೂ ಒಂದೇ ಚೀಲದಲ್ಲಿ ಇಟ್ಟವನಲ್ಲ. ಉಣ್ಣುವ ಕಾಳು ಹಗೇವಿಗೆ ಇಳಿಯುತ್ತಿತ್ತು. ನೆಲದೊಳಗೆ ತೋಡಿದ ಆ ಕಣಜದ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳು ಮುಟ್ಟುತ್ತಿರಲಿಲ್ಲ. ಬಿತ್ತುವ ಕಾಳಿಗೆ ಬೇರೆ ಗಡಿಗೆ, ಬೂದಿಯ ಲೇಪ, ಅಟ್ಟದ ಒಣ ಮೂಲೆ. ಬೀಜವನ್ನು ಕೊಟ್ಟು ತರುವ ಪದ್ಧತಿ ಇದ್ದುದರಿಂದ ಅದೇ ತಳಿ ಬೀಗರ ಊರಿನಲ್ಲೂ ಇರುತ್ತಿತ್ತು. ಬರ ಬಂದು ಒಂದೂರಿನ ಬೀಜ ನಿರ್ನಾಮವಾದರೂ ಇನ್ನೊಂದೂರಿನಿಂದ ತಳಿ ಮರಳಿ ಬರುತ್ತಿತ್ತು. ಈ ಮಟ್ಟದ ಎಚ್ಚರವನ್ನು ತಲೆಮಾರುಗಳಿಂದ ಬಲ್ಲ ಸಮಾಜವು ಗಣಕಯಂತ್ರ ಮನೆಗೆ ಬಂದೊಡನೆ ಇದ್ದಬದ್ದ ದಾಖಲೆಯನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿಟ್ಟು ನೆಮ್ಮದಿಯಾಗಿ ಕುಳಿತಿರುವುದು ಸೋಜಿಗದ ಸಂಗತಿ.

ಮಾನ್ವಿಯಿಂದ ಬೇರ್ಪಟ್ಟು ತಾಲ್ಲೂಕು ಕೇಂದ್ರವಾಗಿರುವ ಸಿರವಾರವನ್ನೇ ನೋಡಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ಊರು. ಭತ್ತ, ಹತ್ತಿ, ಜೋಳಗಳ ವ್ಯವಹಾರದ ಊರು. ಇಂಥ ಊರಿನ ಗೊಬ್ಬರದಂಗಡಿಯಲ್ಲಿ ಉದ್ರಿ ಲೆಕ್ಕವೆಲ್ಲ ಗಣಕದಲ್ಲಿದೆ. ಫೋಟೋ ಸ್ಟುಡಿಯೋದಲ್ಲಿ ಎರಡು ದಶಕಗಳ ಮದುವೆಗಳಿವೆ. ಮೇಷ್ಟರ ಮನೆಯಲ್ಲಿ ಮಕ್ಕಳ ಅಂಕಪಟ್ಟಿಗಳೂ ಅವರೇ ಬರೆದಿಟ್ಟ ಊರಿನ ಚರಿತ್ರೆಯೂ ಇವೆ. ಡಿಟಿಪಿ ಅಂಗಡಿಯಲ್ಲಿ ಊರಿನ ಅರ್ಜಿ, ಮನವಿ, ತಕರಾರುಗಳೆಲ್ಲ ಇವೆ. ಕಾಲುವೆಯ ಯಾವ ಮೈಲಿನಲ್ಲಿ ಯಾವ ದಿನ ನೀರು ಎಷ್ಟು ಅಡಿ ಇತ್ತು, ಮೇಲ್ಭಾಗದಲ್ಲಿ ಎಷ್ಟು ಎಕರೆಗೆ ಅಕ್ರಮವಾಗಿ ನೀರು ಹರಿಯಿತು ಎಂಬುದನ್ನು ಬರೆದಿಟ್ಟುಕೊಳ್ಳುವ ರೈತರೂ ಇದ್ದಾರೆ. ಕೊನೆಯ ಭಾಗದ ರೈತನಿಗೆ ಅಂಥ ಪಟ್ಟಿಯೇ ಸಾಕ್ಷಿ. ಜಿಲ್ಲೆಯ ಹಟ್ಟಿ ಚಿನ್ನದ ಗಣಿಯ ಸುತ್ತಲ ಅಂತರ್ಜಲದಲ್ಲಿ ಆರ್ಸೆನಿಕ್ ಇರುವ ವಿಷಯವಾಗಲಿ, ಮಲೆನಾಡಿನ ಯಾವುದೋ ಗುಡ್ಡದ ಗಣಿಗಾರಿಕೆಯ ವಿಷಯವಾಗಲಿ, ಹತ್ತು ವರ್ಷದ ಹಿಂದಿನ ಅಳತೆ ಕೈಯಲ್ಲಿ ಇಲ್ಲದಿದ್ದರೆ ಇಂದಿನ ಅಳತೆಗೆ ಅರ್ಥವೇ ಇಲ್ಲ. ಕಡತ ಹೋದರೆ ಹೋಗುವುದು ನೆನಪು ಮಾತ್ರವಲ್ಲ, ವಾದವೂ ಹೋಗುತ್ತದೆ.

ಹೋಗುವುದಕ್ಕೆ ದಾರಿಗಳು ಅನೇಕ. ರಾಯಚೂರಿನ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ವಾಡಿಕೆ. ತಗಡಿನ ಅಥವಾ ಆರ್‌ಸಿಸಿ ಚಾವಣಿಯ ಕೆಳಗಿನ ಕೋಣೆಯಲ್ಲಿ ಹಾರ್ಡ್‌ಡಿಸ್ಕು ಅದಕ್ಕಿಂತಲೂ ಹೆಚ್ಚು ಕಾಯುತ್ತದೆ. ಎರೆಮಣ್ಣಿನ ಧೂಳು, ಏರಿಳಿಯುವ ವಿದ್ಯುತ್ತು, ಕಳ್ಳತನ ಇವೆಲ್ಲ ಇದ್ದೇ ಇವೆ. ಪೆನ್‌ಡ್ರೈವಿಗೆ ಹಾಕಿ ಬೀರುವಿನಲ್ಲಿಟ್ಟೆವೆಂದು ಸಮಾಧಾನಪಡುವವರು ಒಂದು ಮಾತನ್ನು ತಿಳಿಯಬೇಕು. ಅದರೊಳಗಿನ ಮಾಹಿತಿ ಸೂಕ್ಷ್ಮ ವಿದ್ಯುದಾವೇಶದ ರೂಪದಲ್ಲಿರುತ್ತದೆ. ಕಾವು ಹೆಚ್ಚಿದಷ್ಟೂ ಅದು ಬೇಗ ಸೋರಿಹೋಗುತ್ತದೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ನೆರೆಯಲ್ಲಿ ತುಂಗಭದ್ರೆಯ ದಂಡೆಯ ಹಳ್ಳಿಗಳು ಕಂಡದ್ದು ಇನ್ನೊಂದು ಪಾಠ. ಮೂಲ ಮತ್ತು ಪ್ರತಿ ಎರಡೂ ಒಂದೇ ಮನೆಯಲ್ಲಿದ್ದರೆ ಎರಡೂ ಒಟ್ಟಿಗೆ ಹೋಗುತ್ತವೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಮಲೆನಾಡಿನವರಿಗೂ ಅದು ತಿಳಿಯಿತು.

ಪರಿಹಾರವೆಂದು ಇಂದು ಎಲ್ಲರೂ ತೋರಿಸುವುದು ಅಂತರಜಾಲದ ಸಂಗ್ರಹವನ್ನು. ಕಡತಗಳನ್ನು ಮೇಲೇರಿಸಿಬಿಟ್ಟರೆ ಕಂಪನಿಯವರು ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ. ಟೇಪೆಂದರೆ ಹಳೆಯ ಕಾಲದ ಹಾಡಿನ ಕ್ಯಾಸೆಟ್ಟು ಎಂಬ ತಾತ್ಸಾರ. ಈ ನಂಬಿಕೆ, ಈ ತಾತ್ಸಾರ ಎರಡೂ ಪರೀಕ್ಷೆಗೆ ನಿಲ್ಲುವುದಿಲ್ಲ.

2011ರ ಫೆಬ್ರುವರಿ ಕೊನೆಯಲ್ಲಿ ಜಿಮೇಲ್ ಬಳಸುವವರಲ್ಲಿ ಶೇ. 0.02ರಷ್ಟು ಮಂದಿಯ ಅಂಚೆಪೆಟ್ಟಿಗೆ ಬರಿದಾಗಿ ಕಂಡಿತು. ಗೂಗಲ್ ಒಂದೊಂದು ಪತ್ರಕ್ಕೂ ಬೇರೆ ಬೇರೆ ಕೇಂದ್ರಗಳಲ್ಲಿ ಪ್ರತಿಗಳನ್ನು ಇಟ್ಟಿತ್ತು. ಆದರೆ ತಂತ್ರಾಂಶದ ದೋಷ ಆ ಪ್ರತಿಗಳಿಗೂ ತಟ್ಟಿತ್ತು. ಕೊನೆಗೆ ಪತ್ರಗಳು ಮರಳಿದ್ದು ಟೇಪಿನಿಂದ. ಟೇಪು ಜಾಲಕ್ಕೆ ಅಂಟಿಕೊಂಡಿರಲಿಲ್ಲವಾದ್ದರಿಂದ ದೋಷ ಅದನ್ನು ಮುಟ್ಟಲಿಲ್ಲ. ಜಗತ್ತಿನ ಅತಿ ದೊಡ್ಡ ಅಂತರಜಾಲ ಸಂಸ್ಥೆಗೆ ಕಷ್ಟಕಾಲದಲ್ಲಿ ಕೈಹಿಡಿದದ್ದು ಕಪಾಟಿನಲ್ಲಿ ಸುಮ್ಮನೆ ಕುಳಿತಿದ್ದ ಕಾಂತಪಟ್ಟಿ. ಇನ್ನೂ ಒಂದು ಮಾತಿದೆ. ಬಹುಮಂದಿ ‘ಬ್ಯಾಕಪ್’ ಎಂದು ತಿಳಿದಿರುವುದು ವಾಸ್ತವವಾಗಿ ಬಿಂಬ ಮಾತ್ರ. ಇಲ್ಲಿ ಕಡತ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. 2017ರ ಮೇ ತಿಂಗಳಲ್ಲಿ ಹರಡಿದ ವಾನಾಕ್ರೈನಂಥ ಸುಲಿಗೆಯ ವೈರಸ್ಸು ಇಲ್ಲಿನ ಕಡತಕ್ಕೆ ಬೀಗ ಹಾಕಿದರೆ ಬೀಗ ಬಿದ್ದ ಕಡತವೇ ನಿಷ್ಠೆಯಿಂದ ಮೇಲೇರಿ ಕೂಡುತ್ತದೆ. ಹಳೆಯ ಆವೃತ್ತಿಗಳನ್ನು ಉಳಿಸಿಕೊಡುವ ಸೇವೆಗಳಿವೆ. ಆದರೆ ಎಷ್ಟು ದಿನದ ಮಟ್ಟಿಗೆ ಎಂಬುದನ್ನು ವಿಚಾರಿಸಿದವರು ವಿರಳ.

ಹಾಗೆಂದು ಸಿರವಾರದ ಮೇಷ್ಟರು ಟೇಪ್‌ಡ್ರೈವ್ ಕೊಳ್ಳಬೇಕೆಂದು ಹೇಳುವುದು ಅವಿವೇಕ. 1990ರ ದಶಕದಲ್ಲಿ ಮನೆಯ ಗಣಕಗಳಿಗೂ ಪುಟ್ಟ ಟೇಪ್‌ಡ್ರೈವ್‌ಗಳು ದೊರೆಯುತ್ತಿದ್ದವು. ಹಾರ್ಡ್‌ಡಿಸ್ಕು ಅಗ್ಗವಾದೊಡನೆ ಅವು ಮರೆಯಾದವು. ಉಳಿದುಕೊಂಡದ್ದು 2000ದಲ್ಲಿ ಬಂದ ಎಲ್‌ಟಿಓ ಎಂಬ ಮಾದರಿ. ಅದರ ಮೊದಲ ತಲೆಮಾರಿನ ಒಂದು ಕ್ಯಾಸೆಟ್ಟಿನಲ್ಲಿ 100 ಗಿಗಾಬೈಟ್ ಹಿಡಿಯುತ್ತಿತ್ತು. 2021ರ ಒಂಬತ್ತನೆಯ ತಲೆಮಾರಿನದರಲ್ಲಿ 18 ಟೆರಾಬೈಟ್. ಕ್ಯಾಸೆಟ್ಟು ದುಬಾರಿಯಲ್ಲ, ಅದನ್ನು ಓದುವ ಯಂತ್ರಕ್ಕೆ ಲಕ್ಷಗಳ ಬೆಲೆ. ಮೇಲಾಗಿ ಅದರ ವಂಶಾವಳಿ ಕಟ್ಟುನಿಟ್ಟಿನದು. ಏಳನೆಯ ತಲೆಮಾರಿನವರೆಗಿನ ಯಂತ್ರಗಳು ತಮಗಿಂತ ಎರಡು ತಲೆಮಾರು ಹಿಂದಿನ ಟೇಪನ್ನು ಓದುತ್ತಿದ್ದವು. ಎಂಟನೆಯದು ಒಂದೇ ತಲೆಮಾರು ಹಿಂದಿನದನ್ನು ಓದುತ್ತದೆ. ಟೇಪು ಮೂವತ್ತು ವರ್ಷ ಬಾಳಬಹುದು, ಓದುವ ಯಂತ್ರ ಹತ್ತೇ ವರ್ಷಕ್ಕೆ ಸಿಗದೆ ಹೋಗಬಹುದು. ತಂಪಾದ ಒಣ ಕೋಣೆಯೂ ಬೇಕು. ರಾಯಚೂರಿನ ಮೇ ತಿಂಗಳಲ್ಲಿ ಅಂಥ ಕೋಣೆ ಮನೆಮನೆಗೆ ಇರುವುದಿಲ್ಲ. ಟೇಪು ಸಂಸ್ಥೆಯ ಸಾಧನ, ಮನೆಯದಲ್ಲ.

ಅಂತರಜಾಲಕ್ಕೂ ಅದರದೇ ಮಿತಿಗಳಿವೆ. ಸ್ಟುಡಿಯೋದಲ್ಲಿರುವ 500 ಗಿಗಾಬೈಟ್ ಚಿತ್ರಗಳನ್ನು ಕ್ಷಣಕ್ಕೆ 5 ಮೆಗಾಬಿಟ್ ಮೇಲೇರಿಸುವ ಸಂಪರ್ಕದಲ್ಲಿ ಕಳುಹಿಸಲು, ಒಂದು ನಿಮಿಷವೂ ವಿದ್ಯುತ್ತು ಹೋಗದಿದ್ದರೆ, ಒಂಬತ್ತು ದಿನಕ್ಕೂ ಹೆಚ್ಚು ಬೇಕು. ಉಚಿತವಾಗಿ ದೊರೆಯುವುದು 15 ಗಿಗಾಬೈಟಿನಷ್ಟು. ಅದರಾಚೆ ತಿಂಗಳ ಬಾಡಿಗೆ. ಬಾಡಿಗೆ ನಿಂತರೆ ಗಡುವು ಶುರು. ಎರಡು ವರ್ಷ ಮುಟ್ಟದ ವೈಯಕ್ತಿಕ ಖಾತೆಗಳನ್ನು ಅಳಿಸುವ ಪದ್ಧತಿಯನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಮನೆಯ ಹಿರಿಯರು ತೀರಿಕೊಂಡು ಅವರ ಗುಪ್ತಪದ ಯಾರಿಗೂ ತಿಳಿಯದೆ ಹೋದರೆ ಅವರು ಕೂಡಿಟ್ಟದ್ದೆಲ್ಲ ಸದ್ದಿಲ್ಲದೆ ಮುಗಿಯಿತೆಂದೇ ಅರ್ಥ. ಸೇವೆಯೇ ಮುಚ್ಚಿಹೋಗುವುದೂ ಉಂಟು. ಯಾಹೂ ತನ್ನ ಜಿಯೋಸಿಟೀಸ್ ಅನ್ನು 2009ರಲ್ಲಿ, ಯಾಹೂ ಗ್ರೂಪ್ಸ್ ಅನ್ನು 2020ರ ಡಿಸೆಂಬರಿನಲ್ಲಿ ಮುಚ್ಚಿತು. ಪರಿಸರ ಚಳವಳಿಗಳ ಎಷ್ಟೋ ಚರ್ಚೆಗಳು ಯಾಹೂ ಗ್ರೂಪ್ಸಿನ ಅಂಗಳದಲ್ಲೇ ನಡೆದಿದ್ದವು. ಇಳಿಸಿಟ್ಟುಕೊಂಡವರ ಬಳಿ ಮಾತ್ರ ಅವು ಉಳಿದಿವೆ.

ಬೆಂಕಿಗಂತೂ ಮೋಡವೆಂದು ಭಯವಿಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಕಂಪನಿಯ ದತ್ತಾಂಶ ಕೇಂದ್ರ ಉರಿದಾಗ, ಮೂಲವೂ ಪ್ರತಿಯೂ ಅದೇ ಆವರಣದಲ್ಲಿದ್ದ ಗಿರಾಕಿಗಳು ಎರಡನ್ನೂ ಕಳೆದುಕೊಂಡರು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಕೇಂದ್ರದಲ್ಲಿ ಬ್ಯಾಟರಿಗಳಿಗೆ ಬೆಂಕಿ ಹತ್ತಿತು. ಸರ್ಕಾರಿ ನೌಕರರು ತಮ್ಮ ಕೆಲಸದ ಕಡತಗಳನ್ನಿಡುತ್ತಿದ್ದ ಜಿ-ಡ್ರೈವ್ ಎಂಬ ಸಂಗ್ರಹದ 858 ಟೆರಾಬೈಟ್ ಮಾಹಿತಿ ಅಲ್ಲಿ ನಾಶವಾಯಿತು. ಗಾತ್ರ ದೊಡ್ಡದೆಂಬ ಕಾರಣಕ್ಕೆ ಹೊರಗೆಲ್ಲೂ ಅದರ ಪ್ರತಿ ಇರಲಿಲ್ಲ. ಒಂಬತ್ತನೆಯ ತಲೆಮಾರಿನ 48 ಟೇಪುಗಳಲ್ಲಿ ಅಷ್ಟೂ ಹಿಡಿಯುತ್ತಿತ್ತು. ಒಂದು ಸಾಮಾನ್ಯ ಕಪಾಟು ಅದಕ್ಕೆ ಸಾಕು.

ಪರಿಸರದ ಮಾತನ್ನು ಇಲ್ಲಿ ಬಿಡಲಾಗದು. ‘ಮೋಡ’ ಎಂಬ ಹಗುರವಾದ ಹೆಸರಿನ ಕೆಳಗೆ ಇರುವುದು ಹಗಲಿರುಳೂ ತಿರುಗುವ ಡಿಸ್ಕುಗಳು, ಅವನ್ನು ತಂಪಾಗಿಡುವ ಯಂತ್ರಗಳು, ಕೆಲವೆಡೆ ಆವಿಯಾಗಿ ಹೋಗುವ ನೀರು. ಬೆಂಗಳೂರಿನ ಕೇಂದ್ರಗಳಿಗೆ ಹರಿಯುವ ವಿದ್ಯುತ್ತಿನಲ್ಲಿ ಶರಾವತಿಯದೂ ಪಾಲಿದೆ, ಕೃಷ್ಣಾ ತೀರದ ಶಕ್ತಿನಗರದ 1720 ಮೆಗಾವ್ಯಾಟ್ ಉಷ್ಣಸ್ಥಾವರದ್ದೂ ಪಾಲಿದೆ. ಲಿಂಗನಮಕ್ಕಿಯಲ್ಲಿ ಮುಳುಗಿದ ಮನೆಗಳವರಿಗೂ ಶಕ್ತಿನಗರದ ಹಾರುಬೂದಿ ಉಸಿರಾಡುವವರಿಗೂ ಈ ಮೋಡ ಎಲ್ಲಿಂದ ಮೇಲೇಳುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಕಂಪನಿಗಳು ದತ್ತಾಂಶ ಕೇಂದ್ರ ಕಟ್ಟುತ್ತಿರುವ ಹೈದರಾಬಾದು ಕುಡಿಯುವ ನೀರಿನಲ್ಲೂ ದೊಡ್ಡ ಪಾಲು ಕೃಷ್ಣೆಯದೇ, ದೇವದುರ್ಗವನ್ನು ದಾಟಿ ಹೋದ ಅದೇ ಕೃಷ್ಣೆ. ಕಪಾಟಿನ ಟೇಪಿಗೆ ಅಥವಾ ತಂತಿ ಬಿಚ್ಚಿಟ್ಟ ಡಿಸ್ಕಿಗೆ ಇರುವಷ್ಟು ಕಾಲವೂ ಒಂದು ಯೂನಿಟ್ ವಿದ್ಯುತ್ತು ಬೇಡ. ಹಾಗಾಗಿ ವರ್ಷಕ್ಕೊಮ್ಮೆಯೂ ತೆರೆಯದ ಕಡತಗಳನ್ನು ಸದಾ ಉರಿಯುವ ಒಲೆಯ ಮೇಲಿಡುವುದು ಮಿತವ್ಯಯವಲ್ಲ. ಶುಭೋದಯದ ಚಿತ್ರಗಳನ್ನು, ಒಂದೇ ಮದುವೆಯ ನಾಲ್ಕು ಸಾವಿರ ಫೋಟೋಗಳನ್ನು ಹಾಗೇ ಮೇಲೇರಿಸುವವರಿಗೆ ಈ ಮಾತು ಕಹಿಯಾದೀತು. ಆರಿಸುವುದು ಕಷ್ಟದ ಕೆಲಸ. ಬೀಜದ ತೆನೆಯನ್ನೂ ಯಾರೋ ಒಬ್ಬರು ಹೊಲದಲ್ಲಿ ನಿಂತು ಆರಿಸಿಯೇ ತರಬೇಕಾಗಿತ್ತು.

ಪ್ರತಿಗಳನ್ನು ದೂರದೂರ ಇಡುವ ವಿದ್ಯೆಗೆ ರಾಯಚೂರು ಜಿಲ್ಲೆಯೇ ಸಾಕ್ಷಿ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕಂಡರು. ಅದೇ ಶಾಸನ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಇದೆ. ಆ ಐದರಲ್ಲಿಯೂ ದೊರೆಯನ್ನು ದೇವಾನಾಂಪ್ರಿಯನೆಂದು ಕರೆದಿದೆಯೇ ಹೊರತು ಅಶೋಕನೆಂಬ ಹೆಸರಿಲ್ಲ. ಹೆಸರು ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೊಳಗಳಲ್ಲಿಯೂ ಅದು ದೊರೆಯಿತು. ಮಸ್ಕಿಯಲ್ಲಿ ಸವೆದ ಅಕ್ಷರಗಳನ್ನು ವಿದ್ವಾಂಸರು ಬೇರೆಡೆಯ ಪ್ರತಿಗಳ ಸಹಾಯದಿಂದ ಓದಿದರು. ಒಂದೇ ಬಂಡೆಯ ಮೇಲೆ ಬರೆಸಿ ಸುಮ್ಮನಾಗಿದ್ದರೆ ಇದು ಸಾಧ್ಯವಿತ್ತೇ? ಕೃಷಿ ಲೋಕವೂ ಈ ಕ್ರಮವನ್ನು ಮರೆತಿಲ್ಲ. ಸಿರಿಯಾದ ಅಲೆಪ್ಪೊ ಬಳಿಯ ಇಕಾರ್ಡಾ ಸಂಸ್ಥೆ ತನ್ನ ಬೀಜಗಳ ಪ್ರತಿಗಳನ್ನು 2008ರಲ್ಲಿ ತೆರೆದ ಸ್ವಾಲ್ಬಾರ್ಡಿನ ಹಿಮದ ಕಣಜದಲ್ಲಿಟ್ಟಿತ್ತು. ಯುದ್ಧದಿಂದ ಅಲೆಪ್ಪೊದ ಬೀಜಕೋಶ ಕೈತಪ್ಪಿದಾಗ, 2015ರಲ್ಲಿ ಅಲ್ಲಿಂದ ಬೀಜ ಹೊರತೆಗೆದು ಲೆಬನಾನ್, ಮೊರಾಕೊಗಳಲ್ಲಿ ಬೆಳೆದು, 2017ರಲ್ಲಿ ಹೊಸ ಬೀಜವನ್ನು ಮರಳಿ ಇಟ್ಟಿತು. ಇಟ್ಟದ್ದನ್ನು ತೆಗೆದು, ಬೆಳೆದು, ಮತ್ತೆ ಇಡುವುದು ಈ ಕ್ರಮದ ಜೀವಾಳ.

ಕನ್ನಡದ ಕಡತಗಳಿಗೆ ಇದು ಹೆಚ್ಚು ಅನ್ವಯಿಸುತ್ತದೆ. 2000ದ ದಶಕದಲ್ಲಿ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಸಂಕೇತದಲ್ಲಿ ಬೆರಳಚ್ಚಾಗಿ ಪೇಜ್‌ಮೇಕರಿನಲ್ಲಿ ಪುಟವಾದ ಪತ್ರಿಕೆಗಳು, ವರದಿಗಳು, ಮನವಿಗಳು ಎಷ್ಟು! ಡಿಸ್ಕು ಸುಸ್ಥಿತಿಯಲ್ಲಿದ್ದರೂ ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳ ಸಾಲು. ಇಂಥವನ್ನು ಯೂನಿಕೋಡಿಗೆ ಪರಿವರ್ತಿಸಿ, ಒಂದು ಪಿಡಿಎಫ್ ಪ್ರತಿಯನ್ನೂ ಜೊತೆಗಿಡದೆ ಟೇಪಿಗೆ ಹಾಕಿದರೂ ಮೋಡಕ್ಕೆ ಏರಿಸಿದರೂ ಫಲ ಒಂದೇ. ಮುಗ್ಗಿದ ಬೀಜಕ್ಕೆ ಬೆಳ್ಳಿಯ ಕಣಜ ಕಟ್ಟಿಸಿದಂತೆ.

ಮಾಡಬಹುದಾದದ್ದು ದೊಡ್ಡದೇನಲ್ಲ. ಮನೆ, ಅಂಗಡಿಗಳಿಗೆ ಕೆಲವು ಸಾವಿರ ರೂಪಾಯಿಯ ಎರಡು ಹೊರ ಹಾರ್ಡ್‌ಡಿಸ್ಕು ಸಾಕು. ಒಂದು ಮನೆಯಲ್ಲಿ, ತಂತಿ ಬಿಚ್ಚಿ. ಇನ್ನೊಂದು ಬೇರೆ ಊರಿನ ನಂಬಿಕಸ್ಥರಲ್ಲಿ. ಪಹಣಿ, ಅಂಕಪಟ್ಟಿ, ಲೆಕ್ಕದ ಪುಸ್ತಕ, ಆರಿಸಿದ ಕೆಲವು ಚಿತ್ರಗಳು, ಇಷ್ಟು ಮಾತ್ರ ಗುಪ್ತಲಿಪಿಗೆ ತಿರುಗಿಸಿ ಅಂತರಜಾಲದಲ್ಲಿಯೂ ಇರಲಿ. ಅದರ ಗುಪ್ತಪದ ಕಾಗದದ ಮೇಲೆ ಮನೆಯ ಇನ್ನೊಬ್ಬರ ಕೈಯಲ್ಲಿರಲಿ. ಟೇಪಿನ ಕೆಲಸ ಸಾರ್ವಜನಿಕ ಸಂಸ್ಥೆಗಳದ್ದು. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ಕೈಬರಹದ ಪಹಣಿಗೆ ಬೆಲೆ ಇಲ್ಲವೆಂದು ಮಾಡಿತು. ಸರ್ಕಾರದ ದಾಖಲೆಗೆ ದತ್ತಾಂಶ ಕೇಂದ್ರವಿದೆ, ಅದನ್ನು ಕಾಯುವ ನೌಕರರಿದ್ದಾರೆ. ರೈತನೇ ಬರೆದಿಟ್ಟ ಮಳೆಯ ಲೆಕ್ಕಕ್ಕೆ, ಬಾವಿಯ ನೀರಿನ ಮಟ್ಟಕ್ಕೆ, ಕಾಲುವೆಯ ದಿನಚರಿಗೆ ಅಂಥದ್ದೇನೂ ಇಲ್ಲ. 2008ರಲ್ಲಿ ಧಾರವಾಡದಿಂದ ಬೇರ್ಪಟ್ಟು ನಿಂತ ರಾಯಚೂರಿನ ಕೃಷಿ ವಿಶ್ವವಿದ್ಯಾಲಯವು ಒಂದು ಟೇಪ್‌ಡ್ರೈವ್ ಇಟ್ಟು, ವರ್ಷಕ್ಕೊಮ್ಮೆ ಜಿಲ್ಲೆಯ ರೈತರ, ಶಾಲೆಗಳ, ಸಂಘಗಳ ಇಂಥ ದಾಖಲೆಗಳನ್ನು ಉಚಿತವಾಗಿ ಬರೆದುಕೊಟ್ಟರೆ ಅದು ಬೀಜಮೇಳದಷ್ಟೇ ಉಪಯುಕ್ತವಾದ ವಿಸ್ತರಣಾ ಸೇವೆಯಾದೀತು. ಬರೆದಿಟ್ಟರೆ ಸಾಲದು, ಹತ್ತರಲ್ಲಿ ಒಂದನ್ನಾದರೂ ಆ ದಿನವೇ ಬೇರೊಂದು ಗಣಕದಲ್ಲಿ ತೆರೆದು ನೋಡಬೇಕು.

ಮಲೆನಾಡಿನ ಸಂಘಗಳಿಗೂ ಇದರಲ್ಲಿ ಪಾಲಿದೆ. ಜಡಿಮಳೆಯ ತೇವಕ್ಕೆ ಇಲ್ಲಿನ ಸೀಡಿಗಳ ಮೇಲೆ, ಕಾಗದದ ಕಡತಗಳ ಮೇಲೆ ಬೂಸಲು ಹಿಡಿಯುತ್ತದೆ. ಸಿರವಾರದಲ್ಲಿ ಬೂಸಲಿನ ಕಾಟ ಕಡಿಮೆ, ಬಿಸಿಲಿನದು ಹೆಚ್ಚು. ಸಾಗರ, ಶಿರಸಿ, ತೀರ್ಥಹಳ್ಳಿಗಳ ಸಂಘಗಳ ಒಂದು ಡಿಸ್ಕು ರಾಯಚೂರು ಸೀಮೆಯಲ್ಲಿದ್ದು, ಅಲ್ಲಿಯ ರೈತ ಸಂಘಟನೆಗಳ ಒಂದು ಡಿಸ್ಕು ಮಲೆನಾಡಿನಲ್ಲಿದ್ದರೆ ಒಂದೇ ನೆರೆಗೆ, ಒಂದೇ ಕುಸಿತಕ್ಕೆ ಎರಡೂ ಸಿಲುಕುವ ಸಂಭವ ಬಹಳ ಕಡಿಮೆ. ಕೊಟ್ಟು ತರುವುದಕ್ಕೆ ಡಿಸೆಂಬರ್, ಜನವರಿಯೇ ತಕ್ಕ ಕಾಲ. ಆಗ ಘಟ್ಟದಲ್ಲಿ ಮಳೆ ನಿಂತಿರುತ್ತದೆ, ಬಯಲಿನಲ್ಲಿ ಬಿಸಿಲು ಇನ್ನೂ ಏರಿರುವುದಿಲ್ಲ. ರಾತ್ರಿ ಬಸ್ಸಿನಲ್ಲಿ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡೇ ಒಯ್ಯಬೇಕು. ಬಸ್ಸಿನ ಮೇಲೆ ಹಾಕಬಾರದು.