ಬಾವಿಯ ಈಜು, ಕೊಳದ ಈಜು

ಬೇಸಿಗೆ ಬಂತೆಂದರೆ ಹುಡುಗರ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಮೆಟ್ಟಿಲ ಬಾವಿಗೆ ಇಳಿಸುವ ಪದ್ಧತಿ ನಮ್ಮ ಕಡೆ ಬಹುಕಾಲ ನಡೆದುಬಂದಿತ್ತು. ಆ ಈಜು ಪ್ರಾಣ ಉಳಿಸುತ್ತದೆ, ಧೈರ್ಯ ಕೊಡುತ್ತದೆ. ಸ್ಪರ್ಧೆಗೆ ಮಾತ್ರ ಅದು ಸಾಲದು.

ಬೆಂಗಳೂರಿನಲ್ಲಿ ನೆಲೆಸಿರುವ ಶಿಷ್ಯನೊಬ್ಬ ಈಚೆಗೆ ದೂರವಾಣಿ ಮಾಡಿ, ಮಗಳು ದಿನಕ್ಕೆರಡು ತಾಸು ಈಜಿದರೂ ವೇಗ ಹೆಚ್ಚುತ್ತಿಲ್ಲ, ಇನ್ನೊಂದು ತಾಸು ಸೇರಿಸಲೇ ಎಂದು ಕೇಳಿದ. ವಿಜ್ಞಾನದ ಮಾಸ್ತರನನ್ನು ಈಜಿನ ಬಗ್ಗೆ ಕೇಳುವುದು ತಮಾಷೆಯೇ ಸರಿ. ಆದರೂ ನನ್ನ ಅಭಿಪ್ರಾಯ ಖಚಿತ: ಹೆಚ್ಚಿಸಬೇಕಾದದ್ದು ತಾಸನ್ನಲ್ಲ.

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ವೇಗ ಇಮ್ಮಡಿಯಾದರೆ ಅದರ ತಡೆ ಹೆಚ್ಚುಕಡಿಮೆ ನಾಲ್ಮಡಿಯಾಗುತ್ತದೆ. ಆದ್ದರಿಂದ ತೋಳಿನ ಬಲ ಬೆಳೆಸುವುದಕ್ಕಿಂತ ಮೊದಲು ತಡೆಯನ್ನು ತಗ್ಗಿಸಬೇಕು. ನಮ್ಮ ಬಾವಿಯ ಈಜುಗಾರ ತಲೆಯೆತ್ತಿಕೊಂಡೇ ಈಜುತ್ತಾನೆ. ತಲೆ ಎದ್ದೊಡನೆ ಸೊಂಟ, ಕಾಲುಗಳು ಮುಳುಗಿ ದೇಹವೇ ನೀರಿಗೆ ಅಡ್ಡಗೋಡೆಯಾಗುತ್ತದೆ. ಮುಖವನ್ನು ನೀರಿನಲ್ಲಿಟ್ಟು, ಉಸಿರಿಗಾಗಿ ಪಕ್ಕಕ್ಕೆ ಹೊರಳುವುದೇ ಮೊದಲ ಪಾಠ. 25 ಮೀಟರಿಗೆ ಎಷ್ಟು ಬಾರಿ ಕೈ ಬೀಸಿದೆನೆಂದು ಹುಡುಗಿ ಎಣಿಸಲಿ; ಸಮಯ ಹೆಚ್ಚದೆ ಆ ಸಂಖ್ಯೆ ಇಳಿದರೆ ಕಲಿಕೆ ಆಗುತ್ತಿದೆಯೆಂದು ಅರ್ಥ. ಒಂದೇ ಸಮನೆ ಸಾವಿರ ಮೀಟರ್ ಎಳೆದಾಡುವ ಬದಲು, 50 ಮೀಟರಿನ ಹತ್ತಾರು ಸುತ್ತುಗಳನ್ನು ಗಡಿಯಾರ ನೋಡಿ, ನಡುವೆ ನಿಗದಿತ ವಿರಾಮವಿಟ್ಟು ಈಜುವುದು ಮೇಲು. ದಣಿದು ಸೋತ ಮೇಲೆ ಈಜಿದ ತಾಸು ತಪ್ಪನ್ನೇ ರೂಢಿ ಮಾಡಿಸುತ್ತದೆ.

ಕರ್ನಾಟಕದ ಶ್ರೀಹರಿ ನಟರಾಜ್ 2021ರ ಜೂನಿನಲ್ಲಿ ರೋಮ್ ನಗರದಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕನ್ನು 53.77 ಸೆಕೆಂಡಿನಲ್ಲಿ ಮುಗಿಸಿದರು. ಟೋಕಿಯೋ ಒಲಿಂಪಿಕ್ಸಿನ ನೇರ ಅರ್ಹತೆಯ ಮಿತಿ 53.85. ಅಂತರ ನೂರರಲ್ಲಿ ಎಂಟು ಪಾಲು ಸೆಕೆಂಡು! ಇಷ್ಟು ಕೂದಲೆಳೆಯ ಅಂತರ ಆರಂಭದ ನೆಗೆತದಲ್ಲಿ, ಗೋಡೆ ಮುಟ್ಟಿ ತಿರುಗುವುದರಲ್ಲಿ ದಕ್ಕಬಹುದು, ಜಾರಲೂಬಹುದು. ಬಾವಿಯಲ್ಲಿ ಅಳತೆಯೂ ಇಲ್ಲ, ತಿರುಗಲು ಸಮನಾದ ಗೋಡೆಯೂ ಇಲ್ಲ.

ಯಾದಗಿರಿ 2009ರ ಡಿಸೆಂಬರಿನಲ್ಲಿ ಜಿಲ್ಲೆಯಾಯಿತು. ಭೀಮೆ, ಕೃಷ್ಣೆ ಇಬ್ಬರೂ ನಮ್ಮವರು. ನಾರಾಯಣಪುರದ ಬಸವಸಾಗರದ ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ಹೊಲಗಳಿಗೆ ನೀರುಣಿಸುತ್ತದೆ. ಆ ಕಾಲುವೆಗೆ ಮಕ್ಕಳು ಧುಮುಕುವುದನ್ನು ಶೌರ್ಯವೆಂದು ಹೊಗಳುವವರ ಮಾತನ್ನು ನಾನು ಒಪ್ಪಲಾರೆ. ಸೆಳೆವ ನೀರು, ಪಾಚಿಗಟ್ಟಿ ಜಾರುವ ದಂಡೆ. ಹಿಡಿಯಲು ಒಂದು ಹುಲ್ಲುಕಡ್ಡಿಯೂ ಸಿಗದು. ತಾಲೂಕಿಗೊಂದು ಅಳತೆಯ ಕೊಳ, ಅಲ್ಲೊಬ್ಬ ನುರಿತ ತರಬೇತುದಾರ, ಹೆಣ್ಣುಮಕ್ಕಳಿಗೆ ಅಂಜಿಕೆಯಿಲ್ಲದೆ ಬರುವಂಥ ವೇಳೆ, ಇಷ್ಟನ್ನಾದರೂ ನಾವು ಕೇಳಬೇಕು. ನನ್ನ ವಿದ್ಯಾರ್ಥಿಗಳಲ್ಲಿ ಇಂಜಿನಿಯರುಗಳಿದ್ದೀರಿ, ಊರಿನ ಆಡಳಿತದಲ್ಲಿರುವವರೂ ಇದ್ದೀರಿ. ಕೊಳ ಕಟ್ಟುವ ಖರ್ಚಿಗಿಂತ, ಅದರ ನೀರನ್ನು ವರ್ಷವಿಡೀ ಶುದ್ಧವಾಗಿಡುವ ಖರ್ಚೆಷ್ಟೆಂದು ಮೊದಲು ಲೆಕ್ಕ ಹಾಕಿ ತಿಳಿಸಿರಿ.