ಗೆಡ್ಡೆಯ ತೂಕ ಮತ್ತು ನಾಲಿಗೆಯ ತೀರ್ಪು



ಅಡಿಕೆ, ಕಾಫಿಗಳ ಬೆಲೆ ನಮ್ಮ ಕೈಯಲ್ಲಿಲ್ಲ. ಆದ್ದರಿಂದಲೇ ಸಣ್ಣ ಹಿಡುವಳಿದಾರರಾದ ನಾವು ತೋಟದ ಸಾಲುಗಳ ನಡುವೆ ಸುವರ್ಣಗೆಡ್ಡೆ, ಕೆಸವು, ಮರಗೆಣಸು ಮುಂತಾದುವನ್ನು ಹಾಕುತ್ತೇವೆ. ಮುಖ್ಯ ಬೆಳೆ ಕೈಕೊಟ್ಟ ವರ್ಷ ಈ ಉಪಬೆಳೆಯೇ ಆಸರೆ. ಆದರೆ ಇವುಗಳ ತಳಿ ಆರಿಸುವಾಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಎಕರೆಗೆ ಎಷ್ಟು ಟನ್ನು? ತಳಿ ಸಿದ್ಧಪಡಿಸುವವರೂ ಬಹುಕಾಲ ಇದನ್ನೇ ಮೊದಲು ನೋಡಿದರು. ತಿನ್ನುವವರಿಗೆ ಹಿಡಿಸುವುದೇ ಎಂಬ ಪ್ರಶ್ನೆ ಕೊನೆಗೆ ಬರುತ್ತಿತ್ತು. ಈ ಕ್ರಮ ಬದಲಾಗಬೇಕೆಂಬುದು ನಮ್ಮ ಅಭಿಪ್ರಾಯ.

ಮರಗೆಣಸನ್ನೇ ನೋಡೋಣ. ತಿರುವನಂತಪುರದ ಶ್ರೀಕಾರ್ಯಂನಲ್ಲಿ 1963ರಲ್ಲಿ ಸ್ಥಾಪನೆಯಾದ ಕೇಂದ್ರ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯು 1971ರಲ್ಲಿ ಎಚ್-165, ಎಚ್-226 ಮುಂತಾದ ಹೆಚ್ಚು ಇಳುವರಿಯ ಮಿಶ್ರತಳಿಗಳನ್ನು ಬಿಡುಗಡೆ ಮಾಡಿತು. ಪಿಷ್ಟ ಮತ್ತು ಸಬ್ಬಕ್ಕಿಯ ಕಾರ್ಖಾನೆಗಳಿರುವ ಸೇಲಂ ಸೀಮೆಯಲ್ಲಿ ಎಚ್-226 ಬೇರೂರಿತು. ಕೇರಳದ ಅಡುಗೆಮನೆ ಮಾತ್ರ ಮಲೇಶಿಯಾ ಮೂಲದ ಎಂ-4 ತಳಿಯನ್ನು ಬಿಡಲೊಪ್ಪಲಿಲ್ಲ. ಅದರ ಇಳುವರಿ ಕಡಿಮೆಯಾದರೂ ಬೇಯಿಸಿದರೆ ಹದವಾಗಿ ಅರಳುತ್ತದೆ, ಕಹಿಯಿಲ್ಲ. ಕಾರ್ಖಾನೆ ಪಿಷ್ಟವನ್ನು ನೋಡುತ್ತದೆ, ಮನೆಯಾಕೆ ಪಾತ್ರೆಯನ್ನು ನೋಡುತ್ತಾಳೆ. ಮುಂದೆ 1998ರಲ್ಲಿ ಬಂದ ಶ್ರೀ ಜಯ, ಶ್ರೀ ವಿಜಯ ತಳಿಗಳಲ್ಲಿ ಬೇಗ ಕೀಳಲು ಬರುವ ಗುಣದೊಂದಿಗೆ ಬೇಯುವ ಗುಣವನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು ಸರಿಯಾದ ದಾರಿ.

ಸುವರ್ಣಗೆಡ್ಡೆಯದೂ ಇದೇ ಪಾಠ. ನಾಟಿ ಗೆಡ್ಡೆ ತಿಂದರೆ ಗಂಟಲು ತುರಿಸುತ್ತದೆಂದು ಹುಣಸೆಹಣ್ಣು ಹಾಕಿ ಬೇಯಿಸುವುದು ರೂಢಿ. ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳೇ ಈ ತುರಿಕೆಗೆ ಕಾರಣ. ಆಂಧ್ರದ ಕೊವ್ವೂರಿನಲ್ಲಿ ಆರಿಸಿದ ಗಜೇಂದ್ರ ತಳಿಯಲ್ಲಿ ಈ ಕಾಟವಿಲ್ಲ. ಅದು ದೇಶದ ನಾನಾ ಕಡೆ ಹರಡಿದ್ದಕ್ಕೆ ಇಳುವರಿಯಷ್ಟೇ ಈ ಗುಣವೂ ಕಾರಣವೆಂದು ನಾವು ತಿಳಿಯುತ್ತೇವೆ.

ಸಿಹಿಗೆಣಸಿನ ಕಥೆ ಇನ್ನೂ ಬೋಧಪ್ರದ. ಕಿತ್ತಳೆ ಬಣ್ಣದ ಗೆಣಸಿನಿಂದ ಎ ಜೀವಸತ್ವ ದೊರೆಯುತ್ತದೆಂದು ಆಫ್ರಿಕಾದಲ್ಲಿ ಅದನ್ನು ಹರಡಲು ಹೊರಟಾಗ ಅಡ್ಡಿಯಾದದ್ದು ರುಚಿ. ಒಣಗಿ ಹಿಟ್ಟುಹಿಟ್ಟಾಗಿರುವ ಬಿಳಿ ಗೆಣಸು ತಿಂದು ಬೆಳೆದವರಿಗೆ ನೀರುನೀರಾದ ಗೆಣಸು ಸೇರಲಿಲ್ಲ. ತಳಿ ವಿಜ್ಞಾನಿಗಳು ಹಿಟ್ಟಿನಂಶ ಹೆಚ್ಚಿಸಿದ ಮೇಲೆಯೇ ಅದು ನೆಲೆಯೂರಿತು. ಈ ಕೆಲಸಕ್ಕೆ ಸಂಬಂಧಪಟ್ಟ ನಾಲ್ವರಿಗೆ 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಸಂದಿತು. ಸಂಕ್ರಾಂತಿಗೆ ಗೆಣಸು ಬೇಯಿಸುವ ನಮ್ಮ ಮನೆಗಳಲ್ಲೂ ಇದೇ ಪರೀಕ್ಷೆ ನಡೆಯುತ್ತದೆ: ಸಿಹಿಯಿರಬೇಕು, ನಾರಿರಬಾರದು, ಬಾಯಲ್ಲಿ ಹಿಟ್ಟಾಗಬೇಕು.

ಹಾಗೆಂದು ಕೊಳ್ಳುವವರ ನಾಲಿಗೆಯೇ ಸರ್ವಸ್ವವೆಂದು ನಾವು ಹೇಳುವುದಿಲ್ಲ. ತುರಿಕೆ, ಕಹಿ ಎಂಬುವು ಗಿಡಕ್ಕೆ ತನ್ನದೇ ಕಾವಲು. ಮನುಷ್ಯನ ನಾಲಿಗೆಗೆ ಹಿತವಾದದ್ದು ಕಾಡುಹಂದಿಗೂ ಹಿತವೇ. ಬಂಡೀಪುರದ ಅಂಚಿನ ಗುಂಡ್ಲುಪೇಟೆ ರೈತರಿಗೂ ಬಿಳಿಗಿರಿರಂಗನ ಬೆಟ್ಟದ ಕಾಫಿ ಬೆಳೆಗಾರರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ರುಚಿಯ ತಳಿಯನ್ನು ಕೊಡುವವರು ಬೇಲಿಯ ಖರ್ಚನ್ನೂ ಲೆಕ್ಕ ಹಾಕಿ ಕೊಡಬೇಕು. ಕಾಡಂಚಿನ ತೋಟಕ್ಕೂ ಊರೊಳಗಿನ ತೋಟಕ್ಕೂ ಒಂದೇ ತಳಿಯ ಶಿಫಾರಸು ಸಲ್ಲದು.

ಈ ಎಚ್ಚರ ಏಕೆ ಬೇಕೆಂದರೆ, ಗೆಡ್ಡೆ ಬೆಳೆಯಲ್ಲಿ ತಪ್ಪು ಆಯ್ಕೆ ದುಬಾರಿ. ಸುವರ್ಣಗೆಡ್ಡೆಯೊಂದನ್ನೇ ಮೂರಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 5000 ತುಂಡು ಬೇಕು. ತುಂಡಿಗೆ ಅರ್ಧ ಕಿಲೋ ಎಂದರೆ ಎರಡೂವರೆ ಟನ್ನು ಬಿತ್ತನೆ ಗೆಡ್ಡೆ. ತೋಟದ ನಡುವೆ ಇದಕ್ಕಿಂತ ಕಡಿಮೆ ಹಿಡಿಯುತ್ತದೆ, ನಿಜ. ಆದರೂ ಅಷ್ಟು ಹಣ ಹೂಡಿ, ಎಂಟೊಂಬತ್ತು ತಿಂಗಳು ಕಾದು, ಕೊನೆಗೆ ಸಂತೆಯಲ್ಲಿ ಗಿರಾಕಿ ಎರಡನೆಯ ಸಲ ಕೊಳ್ಳದೆ ಹೋದರೆ ನಷ್ಟ ತಳಿ ವಿಜ್ಞಾನಿಗಲ್ಲ, ನಮಗೆ.

ಆದಕಾರಣ ನಮ್ಮ ಸಲಹೆಗಳು ಇಷ್ಟು. ಮೊದಲನೆಯದಾಗಿ, ಸದಸ್ಯರಿಗೆಂದು ಹೊಸ ತಳಿ ತರಿಸುವ ಮುನ್ನ ಅದರ ಗೆಡ್ಡೆಯನ್ನೂ ನಮ್ಮ ಹಳೆಯ ಗೆಡ್ಡೆಯನ್ನೂ ಬೇರೆ ಬೇರೆ ಪಾತ್ರೆಗಳಲ್ಲಿ ಬೇಯಿಸಿ, ಹೆಸರು ಹೇಳದೆ ರುಚಿ ನೋಡಿಸಬೇಕು. ತೀರ್ಪುಗಾರರು ಮನೆಯ ಹೆಣ್ಣುಮಕ್ಕಳು, ಹೋಟೆಲಿನ ಅಡುಗೆಯವರು ಮತ್ತು ಸಂತೆಯ ವ್ಯಾಪಾರಿಗಳಾಗಲಿ. ಎರಡನೆಯದಾಗಿ, ಆ ತೀರ್ಪನ್ನು ಬರೆದು ತೋಟಗಾರಿಕೆ ಇಲಾಖೆಗೂ ಮೈಸೂರಿನ ತೋಟಗಾರಿಕಾ ಮಹಾವಿದ್ಯಾಲಯಕ್ಕೂ ಕಳಿಸಬೇಕು. ಆಫ್ರಿಕಾದಲ್ಲಿ 2017ರಿಂದ 2022ರವರೆಗೆ ನಡೆದ ಒಂದು ದೊಡ್ಡ ಯೋಜನೆಯಲ್ಲಿ ಗೆಡ್ಡೆ ಬೇಯಿಸಿ, ಕುಟ್ಟಿ, ಮಾರುವ ಹೆಂಗಸರನ್ನು ವಿಚಾರಿಸಿ, ಅವರ ಮಾತನ್ನು ತಳಿ ಆಯ್ಕೆಯ ಅಳತೆಗೋಲಾಗಿಸಲಾಯಿತು. ಅಲ್ಲಿ ಆದದ್ದು ಇಲ್ಲಿಯೂ ಆಗಬಹುದು. ಮೂರನೆಯದಾಗಿ, ಪ್ರತಿಯೊಬ್ಬರೂ ಮನೆಯ ಹಳೆಯ ಗೆಡ್ಡೆಯ ಹತ್ತು ಬುಡಗಳನ್ನಾದರೂ ತೋಟದ ಮೂಲೆಯಲ್ಲಿ ಉಳಿಸಿಕೊಳ್ಳಬೇಕು. ಮುಂದಿನ ತಳಿಗೆ ಬೇಕಾದ ರುಚಿ ಅದರಲ್ಲೇ ಇರಬಹುದು.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯುಂಟು. ಮಾರಲೆಂದು ಬೆಳೆಯುವವನಿಗೆ ಊಟವೂ ಪರರಿಚ್ಛೆಯೇ. ಸಂತೆಮರಹಳ್ಳಿಯ ಹೆಸರಿನಲ್ಲೇ ಸಂತೆಯಿದೆ. ಅಲ್ಲಿ ಗೆಡ್ಡೆ ಕೊಳ್ಳುವವರ ಇಚ್ಛೆಯೇನೆಂದು ನೆಡುವ ಮೊದಲೇ ವಿಚಾರಿಸಿ ತಿಳಿಯೋಣ.